ಮೂವತ್ತಾರು ನಿಮಿಷದ ಊದುಬತ್ತಿ

ನನ್ನ ಹೆಸರು ಸತ್ಯವತಿ, ಗಂಡನ ಹೆಸರು ಕೃಷ್ಣಮೂರ್ತಿ, ವಯಸ್ಸು 62 ವರ್ಷ, ವೃತ್ತಿ: ನಿವೃತ್ತ ಲ್ಯಾಬ್ ಅಸಿಸ್ಟೆಂಟ್, ವಾಸ: ಮನೆ ನಂ. 26, ಬಸವೇಶ್ವರನಗರ, ಬೆಂಗಳೂರು. ದಿನಾಂಕ 13.03.2025ರ ಗುರುವಾರ ಮಧ್ಯಾಹ್ನ 3.30ಕ್ಕೆ, ಯಾರೂ ಕರೆಯದೆ ನಾನಾಗಿಯೇ ಪೊಲೀಸ್ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ರಾಜಾಜಿನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನ ರಸಾಯನಶಾಸ್ತ್ರದ ಲ್ಯಾಬ್‌ನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾಗಿರುತ್ತೇನೆ. ಆ ಅಭ್ಯಾಸದಿಂದ ಗಡಿಯಾರ ನೋಡದೆ ನಾನು ಯಾವ ಮಾತನ್ನೂ ಹೇಳುವುದಿಲ್ಲ. ಕೆಳಗೆ ಬರುವ ವೇಳೆ ಮತ್ತು ಅಳತೆಗಳನ್ನು ಅಂದಾಜು ಎಂದು ಯಾರೂ ತಿಳಿಯಬಾರದು.

ಜೂನ್ 2023ರಿಂದ ನಮ್ಮ ಗೇಟಿನ ಒಳಗೆ ಒಂದು ಪ್ಲಾಸ್ಟಿಕ್ ಡಬ್ಬ ಹಾಗೂ ಒಣ ಮರಳು ತುಂಬಿದ ಕಬ್ಬಿಣದ ಬಕೆಟ್ ಇಟ್ಟಿರುತ್ತೇನೆ. ಗೋಡೆ ಗಡಿಯಾರ, ಟಿವಿ ರಿಮೋಟ್, ಮಕ್ಕಳ ಆಟದ ಸಾಮಾನುಗಳ ಮುಗಿದ ಸೆಲ್‌ಗಳನ್ನು ರಸ್ತೆಯವರು ಡಬ್ಬಕ್ಕೆ ಹಾಕುತ್ತಾರೆ. ಮುಗಿದ ಸೆಲ್‌ನಲ್ಲೂ ಒಂದಿಷ್ಟು ಶಕ್ತಿ ಉಳಿದಿರುತ್ತದೆ, ಒಂದರ ತುದಿ ಇನ್ನೊಂದಕ್ಕೆ ತಾಗಿದರೆ ಬಿಸಿಯಾಗುತ್ತದೆ. ಆದ್ದರಿಂದ ಒಂದೊಂದರ ತುದಿಗೂ ನಾನು ಟೇಪ್ ಅಂಟಿಸುತ್ತೇನೆ. ಊದಿಕೊಂಡ ಮೊಬೈಲ್ ಬ್ಯಾಟರಿಗಳು ಮರಳಿನ ಬಕೆಟ್‌ಗೆ ಹೋಗುತ್ತವೆ. ತಂದವರು ಮನೆ ನಂಬರು, ದಿನಾಂಕ ಮತ್ತು ಊದಿಕೊಂಡದ್ದಕ್ಕೆ ಕಾರಣವನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಎರಡು ತಿಂಗಳಿಗೊಮ್ಮೆ ಎಲ್ಲವನ್ನೂ ಅಧಿಕೃತ ಇ-ವೇಸ್ಟ್ ಕೇಂದ್ರಕ್ಕೆ ಮುಟ್ಟಿಸುತ್ತೇವೆ, ಅಲ್ಲಿಂದ ಅವು ಒಳಗಿನ ಲೋಹ ತೆಗೆದು ಮತ್ತೆ ಬಳಸುವ ಕಾರ್ಖಾನೆಗೆ ಹೋಗುತ್ತವೆ. ರಸ್ತೆಯವರು ನನಗೆ ಸೆಲ್ ಆಂಟಿ ಎಂದು ಹೆಸರಿಟ್ಟಿದ್ದಾರೆ. ನನಗೆ ಅದು ಗೊತ್ತಿಲ್ಲ ಎಂದು ಅವರು ನಂಬಿರುತ್ತಾರೆ.

ದಿನಾಂಕ 11.03.2025ರ ಮಂಗಳವಾರ ನಮ್ಮ ರಸ್ತೆಯ ಒಣಕಸದ ದಿನ. ಕಸದ ಆಟೋದ ಚಾಲಕರು ವೆಂಕಟಸ್ವಾಮಿ, ಸುಮಾರು 48 ವರ್ಷ, ವಾಸ ಲಗ್ಗೆರೆ. ಜೊತೆಯಲ್ಲಿ ಕಸ ತುಂಬುವವರು ನರಸಮ್ಮ, ಸುಮಾರು 50 ವರ್ಷ, ವಾಸ ಕಾಮಾಕ್ಷಿಪಾಳ್ಯ. ಇಬ್ಬರೂ ಆರು ವರ್ಷದಿಂದ ನಮ್ಮ ರಸ್ತೆಗೆ ಬರುತ್ತಿದ್ದಾರೆ. ಅಂದು ಬೆಳಗ್ಗೆ 7.15ಕ್ಕೆ ಆಟೋ ನಮ್ಮ ರಸ್ತೆಯ ಮೊದಲ ಮನೆಯ ಮುಂದೆ ನಿಂತಿತು. ನಮ್ಮ ಮನೆಯ ಒಣಕಸದ ಚೀಲವನ್ನು 7.33ಕ್ಕೆ ನಮ್ಮ ಯಜಮಾನರೇ ಕೊಟ್ಟರು. ಸಾಮಾನ್ಯವಾಗಿ ಆ ಕೆಲಸ ನನ್ನದು. ಅಂದು ಅವರು ಮುಂದೆ ಬಿದ್ದು ಚೀಲ ಹಿಡಿದದ್ದನ್ನು ಕಂಡು ನನಗೆ ಸಂತೋಷವೇ ಆಯಿತು.

7.42ಕ್ಕೆ ಆಟೋ ನಮ್ಮ ಗೇಟಿನಿಂದ 14 ಮೀಟರ್ ದೂರದಲ್ಲಿ, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿತ್ತು. ನರಸಮ್ಮನವರು ಕಸದ ಮೇಲೆ ನಿಂತು ಕಾಲಿನಿಂದ ಅದುಮುತ್ತಿದ್ದರು. ಅವರ ಕಾಲಡಿಯಿಂದ ಬಿಳಿ ಹೊಗೆ ಬುಸ್ಸೆಂದು ಎದ್ದು, ಕೂಡಲೇ ಬೆಂಕಿ ಹತ್ತಿತು. ಅವರು ಕೆಳಗೆ ಹಾರಿದರು. ಬಲಗಾಲಿನ ಚಪ್ಪಲಿ ಕರಗಿ ಹಿಮ್ಮಡಿಗೆ ಅಂಟಿಕೊಂಡಿತ್ತು. ಹೊಗೆಯಲ್ಲಿ ಉಗುರುಬಣ್ಣದಂಥ ಸಿಹಿ ವಾಸನೆ ಇತ್ತು. ಕಾಗದ ಸುಟ್ಟರೂ ಪ್ಲಾಸ್ಟಿಕ್ ಸುಟ್ಟರೂ ಆ ವಾಸನೆ ಬರುವುದಿಲ್ಲ.

ವೆಂಕಟಸ್ವಾಮಿಯವರು ಓಡಿಹೋಗಲಿಲ್ಲ. ಉರಿಯುತ್ತಿರುವ ಗಾಡಿಗೆ ಹತ್ತಿ, ಟ್ರಾನ್ಸ್‌ಫಾರ್ಮರ್‌ನಿಂದ ದೂರಕ್ಕೆ 9 ಮೀಟರ್ ಓಡಿಸಿ, ಹಿಂದಿನ ತೊಟ್ಟಿಯನ್ನು ಎತ್ತಿ ಕಸವನ್ನೆಲ್ಲ ನಡುರಸ್ತೆಗೆ ಸುರಿದರು. ಅವರು ಹಾಗೆ ಮಾಡದಿದ್ದರೆ ಏನಾಗುತ್ತಿತ್ತು ಎಂದು ಅಲ್ಲಿದ್ದವರಲ್ಲಿ ಯಾರೂ ಆಮೇಲೆ ಮಾತಾಡಲಿಲ್ಲ, ಅದಕ್ಕೆ ನಾನು ಇಲ್ಲಿ ಬರೆಸುತ್ತಿದ್ದೇನೆ. ನಾನು 11 ಕೆಜಿ ಮರಳಿನ ಬಕೆಟ್ ಎತ್ತಿಕೊಂಡು ಓಡಿದೆ. ಅಂದು ಅದರಲ್ಲಿ ಬ್ಯಾಟರಿ ಇರಲಿಲ್ಲ, ಬರೀ ಮರಳಿತ್ತು. ಬೆಂಕಿಯ ಮೂಲದ ಮೇಲೆ ಸುರಿದೆ. ಉಳಿದದ್ದಕ್ಕೆ ನಮ್ಮ ಯಜಮಾನರು ಪೈಪಿನಿಂದ ನೀರು ಬಿಟ್ಟರು. 7.51ಕ್ಕೆ ಬೆಂಕಿ ಪೂರ್ತಿ ಆರಿತು. ಆಟೋದ ಟಾರ್ಪಾಲು, ಎಡಬದಿಯ ಹಲಗೆ ಮತ್ತು ಪಕ್ಕದಲ್ಲಿ ನಿಂತಿದ್ದ ಒಂದು ಸ್ಕೂಟರಿನ ಸೀಟು ಸುಟ್ಟಿದ್ದವು.

ಆ ಸ್ಕೂಟರ್ ಮನೆ ನಂ. 17ರ ಗಿರಿರಾಜ್ ಅವರದು. ಇವರು ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ. ಅವರು ಹೊರಗೆ ಬಂದು ಆಟೋದ ಮುಂಭಾಗದಲ್ಲಿ ಗಣಪತಿಯ ಚಿಕ್ಕ ಮೂರ್ತಿಯ ಮುಂದೆ ಊದುಬತ್ತಿಯ ಬೂದಿ ಮತ್ತು ಕಡ್ಡಿ ಇದ್ದುದನ್ನು ನೋಡಿದರು. ಕಸದ ಗಾಡಿಯಲ್ಲಿ ಊದುಬತ್ತಿ ಹಚ್ಚುತ್ತೀರಾ, ಇದರ ಕಿಡಿ ಹಾರಿಯೇ ಬೆಂಕಿ ಹತ್ತಿದ್ದು ಎಂದರು. ವೆಂಕಟಸ್ವಾಮಿಯವರು ದಿನವೂ ಕೆಲಸ ಶುರು ಮಾಡುವ ಮೊದಲು ಒಂದು ಊದುಬತ್ತಿ ಹಚ್ಚುವುದು ನಮಗೆಲ್ಲ ಗೊತ್ತಿರುವ ವಿಷಯ. ಅವರು ಮೂರ್ತಿಯನ್ನೂ ಸುಟ್ಟ ಹಲಗೆಯನ್ನೂ ನೋಡಿದರು. ಆಮೇಲೆ ಆಡಿದ ಮಾತನ್ನು ಇದ್ದ ಹಾಗೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ:

"ನಾನೇ ಹಚ್ಚಿದ್ದು ಸಾರ್. ನಂದೇ ತಪ್ಪು."

ತಪ್ಪು ಮಾಡದ ಮನುಷ್ಯ ತಪ್ಪೊಪ್ಪಿಕೊಂಡಾಗ ಎಲ್ಲರಿಗೂ ಎಷ್ಟು ಬೇಗ ಸಮಾಧಾನವಾಗುತ್ತದೆ ಎಂಬುದನ್ನು ನಾನು ಅಂದು ಕಣ್ಣಾರೆ ಕಂಡೆ. 9.15ಕ್ಕೆ ಗುತ್ತಿಗೆದಾರರ ಸೂಪರ್‌ವೈಸರ್ ಬಂದು ಅವರಿಂದ ಗಾಡಿಯ ಕೀಲಿ ಕಿತ್ತುಕೊಂಡು, ಪೊಲೀಸಿನವರ ಮುಂದೆ ಈ ತಪ್ಪು ಬರೆದುಕೊಟ್ಟರೆ ಆಮೇಲೆ ಕೆಲಸಕ್ಕೆ ಬರುವುದೇ ಬೇಡ ಎಂದು ಹೇಳಿ ಹೋದರು. ಗಿರಿರಾಜ್ ಅವರ ದೂರಿನ ಮೇಲೆ, 13ನೇ ತಾರೀಖು ಸಂಜೆ 4 ಗಂಟೆಗೆ ಠಾಣೆಗೆ ಬಂದು ಹೇಳಿಕೆ ಕೊಡುವಂತೆ ವೆಂಕಟಸ್ವಾಮಿಯವರಿಗೆ ತಿಳಿಸಲಾಯಿತು. ಅಂದರೆ ನನಗಿದ್ದ ಸಮಯ ಎರಡು ದಿನ.

ನಾನು ಮೊದಲು ನರಸಮ್ಮನವರ ಬಳಿ ಹೋದೆ. ಅವರು ನಮ್ಮ ಜಗುಲಿಯ ಮೇಲೆ ಕಾಲನ್ನು ನೀರಿನ ಬಕೆಟ್‌ನಲ್ಲಿಟ್ಟುಕೊಂಡು ಕೂತಿದ್ದರು. ಬೆಂಕಿ ಹತ್ತಿದ್ದು ಅವರ ಕಾಲಡಿಯಲ್ಲಿ, ಆದರೂ ಅಲ್ಲಿಯವರೆಗೆ ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಕೇಳಿದಾಗ ಅವರು ಹೇಳಿದ್ದು:

"ಹಿಮ್ಮಡಿ ಕೆಳಗೆ ಏನೋ ಮೆತ್ತಗಿತ್ತಮ್ಮ. ಅದುಮಿದೆ, ಟಪ್ ಅಂತು. ಆಮೇಲೇ ಹೊಗೆ."

ಅವರನ್ನು ಆಸ್ಪತ್ರೆಗೆ ಕಳಿಸಿ, 10.05ಕ್ಕೆ ನಾನು ಇಕ್ಕಳ ಹಿಡಿದು ಕಸದ ರಾಶಿಯಲ್ಲಿ ಮರಳು ಬಿದ್ದ ಜಾಗವನ್ನು ಕೆದಕಿದೆ. ಹೊಟ್ಟೆ ಒಡೆದ ಒಂದು ಪವರ್ ಬ್ಯಾಂಕ್, ಅಂದರೆ ಮೊಬೈಲ್ ಚಾರ್ಜ್ ಮಾಡಲು ಇಟ್ಟುಕೊಳ್ಳುವ ಅಂಗೈ ಅಗಲದ ಬ್ಯಾಟರಿ ಸಿಕ್ಕಿತು. ಮರುದಿನದವರೆಗೆ ಅದನ್ನು ಮರಳಿನಲ್ಲೇ ಬಿಟ್ಟು, ಆಮೇಲೆ ಮಸಿ ಒರೆಸಿದೆ. ಲೋಹದ ಮೈಮೇಲೆ ಕೆತ್ತಿದ್ದ ಅಕ್ಷರ ಓದಲು ಬಂತು: ಸುಘೋಷ್ – ರಾಗಿಣಿ, 19.11.2023.

ಸುಘೋಷ್ ಎಂದರೆ ಗಿರಿರಾಜ್ ಅವರ ಮಗ. ಅವನ ಮದುವೆಯಲ್ಲಿ ತಾಂಬೂಲದ ಚೀಲದ ಜೊತೆ ಮನೆಗೊಂದು ಪವರ್ ಬ್ಯಾಂಕ್ ಉಡುಗೊರೆ ಕೊಟ್ಟಿದ್ದರು. ನಮ್ಮ ರಸ್ತೆಯಲ್ಲಿ ಕರೆಯೋಲೆ ಬಂದದ್ದು 42 ಮನೆಗಳಿಗೆ. ತಮ್ಮ ಉಡುಗೊರೆಯನ್ನು ತೋರಿಸಲಾಗದ ಮನೆ ಯಾವುದೋ, ಬೆಂಕಿ ಹೊರಟದ್ದು ಆ ಮನೆಯಿಂದ. ಇದು ಹತ್ತನೇ ತರಗತಿಯ ಹುಡುಗಿಗೂ ಹೊಳೆಯುವ ಲೆಕ್ಕ.

ದಿನಾಂಕ 12.03.2025ರ ಬೆಳಗ್ಗೆ 10ರಿಂದ ನಾನು ಒಂದೊಂದೇ ಮನೆಯ ಗೇಟು ತಟ್ಟಿದೆ. ಪವರ್ ಬ್ಯಾಂಕ್ ತೋರಿಸಿ ಎಂದು ಕೇಳಿದೆ. ಕೆಲವರು ನಕ್ಕರು, ಕೆಲವರು ಕಾಫಿ ಕೊಟ್ಟರು. 33 ಮನೆಯವರು ತಂದು ತೋರಿಸಿದರು. ಶೋಕೇಸಿನಿಂದ, ಬೀರುವಿನಿಂದ, ಫ್ರಿಜ್ಜಿನ ತಲೆಯ ಮೇಲಿಂದ ಅವು ಹೊರಬಂದವು. ಮನೆ ನಂ. 9ರ ಕಮಲಾಕ್ಷಮ್ಮನವರು ದೇವರ ಕೋಣೆಯಿಂದ ತಂದರು. ತಾಂಬೂಲದ ಜೊತೆ ಬಂದದ್ದನ್ನು ಎಲ್ಲೆಂದರಲ್ಲಿ ಇಡಬಾರದೆಂದು ಒಂದೂಕಾಲು ವರ್ಷದಿಂದ ಅದಕ್ಕೆ ಕುಂಕುಮ ಇಡುತ್ತಿದ್ದರಂತೆ. ಈ 33ರಲ್ಲಿ 12 ಊದಿಕೊಂಡಿದ್ದವು. ಕಮಲಾಕ್ಷಮ್ಮನವರದೂ ಊದಿತ್ತು, ಅದರ ಮುಂದೆ ನಂದಾದೀಪ ಉರಿಯುತ್ತಿತ್ತು. ಇನ್ನು 8 ಮನೆಯವರು ನೆಂಟರಿಗೆ ಕೊಟ್ಟಿದ್ದರು. ನಾನು ಅಲ್ಲೇ ನಿಂತು ಆ ನೆಂಟರಿಗೆ ವಿಡಿಯೋ ಕಾಲ್ ಮಾಡಿಸಿ ಖಾತ್ರಿ ಮಾಡಿಕೊಂಡೆ.

ಗಿರಿರಾಜ್ ಅವರ ಮನೆಗೆ ಸಂಜೆ 4.40ಕ್ಕೆ ಹೋದೆ. ಅವರು ಆರಂಭದಲ್ಲಿ ನನ್ನನ್ನು ಒಳಗೆ ಕರೆಯಲಿಲ್ಲ. ಸುಟ್ಟ ಪವರ್ ಬ್ಯಾಂಕಿನ ಮೇಲೆ ಮಗನ ಹೆಸರು ಕಂಡ ಮೇಲೆ ಒಳಗೆ ಹೋಗಿ, ಹಂಚಿ ಉಳಿದ ಮೂರನ್ನು ಅಟ್ಟದಿಂದ ಇಳಿಸಿದರು. ಮೂರೂ ಊದಿದ್ದವು. ಈಗ ಏನು ಮಾಡಬೇಕೆಂದು ಕೇಳಿದರು. ಚುಚ್ಚಬಾರದು, ಅದುಮಬಾರದು, ಬಿಸಿಲಿಗೂ ಒಲೆಯ ಹತ್ತಿರವೂ ಇಡಬಾರದು, ಕಸಕ್ಕಂತೂ ಹಾಕಲೇಬಾರದು, ಮೆಲ್ಲಗೆ ನನ್ನ ಮರಳಿಗೆ ತನ್ನಿ ಎಂದೆ. ಸಂಘದ ಕಾರ್ಯದರ್ಶಿಗಳು ಆ ಮೂರನ್ನು ಮೊರದಲ್ಲಿಟ್ಟು, ಎರಡೂ ಕೈ ಮುಂದೆ ಚಾಚಿ, ನಮ್ಮ ಮನೆಯವರೆಗೆ 62 ಮೀಟರ್ ನಡೆದು ಬಂದರು. ದಾರಿಯಲ್ಲಿ ಯಾರ ನಮಸ್ಕಾರಕ್ಕೂ ಅವರು ತಿರುಗಿ ನಮಸ್ಕಾರ ಹೇಳಲಿಲ್ಲ. ಅವರನ್ನು ಕಂಡು ಉಳಿದ ಮನೆಯವರೂ ಹಿಂದೆಯೇ ಹೊರಟರು. 6 ಗಂಟೆಯ ಹೊತ್ತಿಗೆ 15 ಊದಿದ ಪವರ್ ಬ್ಯಾಂಕುಗಳೂ, ಡ್ರಾಯರುಗಳಲ್ಲಿ ವರ್ಷಗಟ್ಟಲೆ ಬಿದ್ದಿದ್ದ 9 ಕೆಜಿ 400 ಗ್ರಾಂ ಹಳೆಯ ಸೆಲ್‌ಗಳೂ ನಮ್ಮ ಗೇಟಿಗೆ ಬಂದು ಬಿದ್ದವು. ಪಕ್ಕದ ರಸ್ತೆಯ ಕಟ್ಟಡದವರಿಂದ ಮರಳು ತಂದು, ಮನೆಯಿಂದ ದೂರ ಕಾಂಪೌಂಡಿನ ಮೂಲೆಯಲ್ಲಿ ಐದು ಬಕೆಟ್‌ಗಳಲ್ಲಿ, ಊದಿದವನ್ನು ಒಂದಕ್ಕೊಂದು ತಾಗದಂತೆ ಹೂತೆ. ಆ ಗಳಿಗೆಯಲ್ಲಿ ನನಗೆ ಬಹಳ ಹೆಮ್ಮೆಯಾಯಿತು. ಅದನ್ನು ಮುಚ್ಚಿಡುವುದಿಲ್ಲ.

33 ಮತ್ತು 8 ಸೇರಿ 41. ಬಾಕಿ ಒಂದು ಮನೆ. 6.20ಕ್ಕೆ ಜಗುಲಿಯ ಮೇಲೆ ಕೂತು ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದೆ. ಗುರುತು ಹಾಕದೆ ಬಿಟ್ಟಿದ್ದ ಮನೆ ನಂ. 26. ಅದು ನನ್ನ ಮನೆ.

ನಮ್ಮ ಯಜಮಾನರ ಪೂರ್ತಿ ಹೆಸರು ಕೃಷ್ಣಮೂರ್ತಿ, ಎಲ್ಲರೂ ಕರೆಯುವುದು ಕಿಟ್ಟಿ, ವಯಸ್ಸು 66, ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಅವರು ಒಳಗೆ ರೇಡಿಯೋ ಕೇಳುತ್ತಿದ್ದರು. ನಮ್ಮ ಪವರ್ ಬ್ಯಾಂಕ್ ಎಲ್ಲಿ ಎಂದು ಕೇಳಿದೆ. ಅವರು ರೇಡಿಯೋದ ಸದ್ದು ಹೆಚ್ಚು ಮಾಡಿದರು. ನಾನು ಅದನ್ನು ಆರಿಸಿದೆ. ಆಗ ಅವರು ಎಲ್ಲವನ್ನೂ ಹೇಳಿದರು.

ಪವರ್ ಬ್ಯಾಂಕ್ ಚಾರ್ಜ್ ಹಿಡಿಯುತ್ತಿರಲಿಲ್ಲವಂತೆ. ನಲವತ್ತು ವರ್ಷದಿಂದ ಅವರಿಗೊಂದು ಅಭ್ಯಾಸ: ರೇಡಿಯೋ ಸೆಲ್ ಮುಗಿದರೆ ಒಂದು ದಿನ ಬಿಸಿಲಿಗಿಟ್ಟು ಇನ್ನೆರಡು ದಿನ ಓಡಿಸುವುದು. ಅದೇ ಧೈರ್ಯದ ಮೇಲೆ 8 ಮತ್ತು 9ನೇ ತಾರೀಖು, ಶನಿವಾರ ಹಾಗೂ ಭಾನುವಾರ, ತಾರಸಿಯ ಮೇಲೆ ನಾನು ಒಣಹಾಕಿದ್ದ ಅರಳು ಸಂಡಿಗೆಯ ಪಕ್ಕದಲ್ಲಿ ಅದನ್ನೂ ಒಣಹಾಕಿದರು. ಭಾನುವಾರ ಮಧ್ಯಾಹ್ನ 3 ಗಂಟೆಗೆ ನೋಡಿದರೆ ಅದು ಪೂರಿಯ ಹಾಗೆ ಉಬ್ಬಿತ್ತು. ಮರಳಿನ ಬಕೆಟ್ ನಮ್ಮ ಬಾಗಿಲಿನಿಂದ 11 ಅಡಿ. ಅಲ್ಲಿ ಹಾಕದೆ, ಎರಡು ಹಾಲಿನ ಕವರಿನಲ್ಲಿ ಸುತ್ತಿ, ಖಾಲಿ ಅವಲಕ್ಕಿ ಪೊಟ್ಟಣದೊಳಗಿಟ್ಟು, ಒಣಕಸದ ಚೀಲದ ತಳಕ್ಕೆ ಸೇರಿಸಿದರು. ಮಂಗಳವಾರ ತಾವೇ ಮುಂದೆ ಬಿದ್ದು ಚೀಲ ಕೊಟ್ಟದ್ದು ಅದಕ್ಕೆ. ಬಕೆಟ್‌ಗೆ ಏಕೆ ಹಾಕಲಿಲ್ಲ ಎಂದು ಕೇಳಿದೆ. ಅವರ ಉತ್ತರ:

"ಊದ್ಕೊಂಡಿದ್ದು ನೋಡಿ ಭಯ ಆಯ್ತು ಕಣೆ. ಬ್ಯಾಟರಿ ಭಯ ಅಲ್ಲ, ನಿನ್ ಭಯ. ಆ ಬುಕ್ಕಲ್ಲಿ ಕಾರಣ ಬರೀಬೇಕಲ್ಲ."

ಅವಮಾನದಿಂದ ಮೈಯೆಲ್ಲ ಉರಿಯಿತು. 41ಕ್ಕೇ ನಿಲ್ಲಿಸಿ, ಒಂದು ಮನೆ ಪತ್ತೆಯಾಗಲಿಲ್ಲ ಎಂದುಬಿಡಬಹುದು ಎಂಬ ಯೋಚನೆ ಬಂದದ್ದು ನಿಜ. ಆದರೆ ಮೂಲ ಪತ್ತೆಯಾಗದ ಬೆಂಕಿಯನ್ನು ಮತ್ತೆ ವೆಂಕಟಸ್ವಾಮಿಯವರ ತಲೆಗೇ ಕಟ್ಟುತ್ತಾರೆ. ಅವರು ನನ್ನ ಮನೆಯ ಬೆಂಕಿಯನ್ನು ಟ್ರಾನ್ಸ್‌ಫಾರ್ಮರ್‌ನಿಂದ ದೂರ ಒಯ್ದ ಮನುಷ್ಯ. ನಾನು ನೋಟ್‌ಬುಕ್ ತೆಗೆದು ಕಾರಣ ಬರೆಯುವ ಕಾಲಂನ ಉದ್ದಕ್ಕೂ ಗೆರೆ ಎಳೆದೆ. ಇನ್ನು ಮುಂದೆ ತಂದು ಹಾಕಿದರೆ ಸಾಕು, ಯಾರೂ ಏನೂ ಬರೆಯಬೇಕಾಗಿಲ್ಲ.

ಊದುಬತ್ತಿಯ ವಿಷಯ ಉಳಿದಿತ್ತು. ಅದೇ ದಿನ ಸಂಜೆ 6.50ಕ್ಕೆ ವೆಂಕಟಸ್ವಾಮಿಯವರಿಗೆ ಫೋನ್ ಮಾಡಿ ಬೇಕಾದ್ದನ್ನು ಮಾತ್ರ ಕೇಳಿದೆ. ಮಂಗಳವಾರ ಬೆಳಗ್ಗೆ ಹಾಜರಿ ಹಾಕಿ 6.30ಕ್ಕೆ ಒಂದೇ ಒಂದು ಊದುಬತ್ತಿ ಹಚ್ಚಿದ್ದಾಗಿಯೂ, ಖಾಲಿ ಗಾಡಿಯಲ್ಲಿ ಕಾಮಾಕ್ಷಿಪಾಳ್ಯಕ್ಕೆ ಹೋಗಿ ನರಸಮ್ಮನವರನ್ನು ಹತ್ತಿಸಿಕೊಂಡು, ಟೀ ಕುಡಿದು, ನೇರ ನಮ್ಮ ರಸ್ತೆಗೆ ಬಂದದ್ದಾಗಿಯೂ ಹೇಳಿದರು. ನರಸಮ್ಮನವರೂ ಫೋನಿನಲ್ಲಿ ಹಾಗೆಯೇ ಹೇಳಿದರು. ವೆಂಕಟಸ್ವಾಮಿಯವರು ಬಳಸುವ ಊದುಬತ್ತಿಯ ಪೊಟ್ಟಣವನ್ನೇ ತರಿಸಿ ಮೂರನ್ನು ಗಡಿಯಾರದ ಮುಂದೆ ಹಚ್ಚಿದೆ. ಒಂದು 35 ನಿಮಿಷ ಉರಿಯಿತು, ಇನ್ನೊಂದು 34, ಮತ್ತೊಂದು 36. ಗಾಳಿಗೆ ಇನ್ನೂ ಬೇಗ ಮುಗಿಯುತ್ತದೆ. ಹೆಚ್ಚಿನದನ್ನೇ ಹಿಡಿದರೂ ಮಂಗಳವಾರದ ಊದುಬತ್ತಿ 7.06ಕ್ಕೆ ಆರಿದೆ. ಗಾಡಿಗೆ ಮೊದಲ ಚೀಲ ಬಿದ್ದದ್ದು 7.15ಕ್ಕೆ. ಆ ಊದುಬತ್ತಿ ಉರಿಯುತ್ತಿದ್ದಾಗ ಸುಡಲು ಹಿಂದೆ ಕಸವೇ ಇರಲಿಲ್ಲ.

ಇಂದು 13ನೇ ತಾರೀಖು ಬೆಳಗ್ಗೆ 11ಕ್ಕೆ ಇ-ವೇಸ್ಟ್ ಕೇಂದ್ರದ ಗಾಡಿಯೇ ನಮ್ಮ ಮನೆಗೆ ಬಂದು 15 ಪವರ್ ಬ್ಯಾಂಕುಗಳನ್ನೂ ಟೇಪ್ ಹಾಕಿದ ಸೆಲ್‌ಗಳನ್ನೂ ಒಯ್ದಿರುತ್ತದೆ. ರಸೀದಿ ಲಗತ್ತಿಸಿದ್ದೇನೆ. ಮಧ್ಯಾಹ್ನ 3.30ಕ್ಕೆ ನಾನು, ಯಜಮಾನರು, ಸುಟ್ಟ ಪವರ್ ಬ್ಯಾಂಕ್ ಮತ್ತು ಊದುಬತ್ತಿಯ ಪೊಟ್ಟಣ ಠಾಣೆ ತಲುಪಿದೆವು. ವೆಂಕಟಸ್ವಾಮಿಯವರು ಆಗಲೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದರು. ಕೈಯಲ್ಲಿ ಪೆನ್ನಿತ್ತು. ನಾನು ಹೇಳುವವರೆಗೆ ಅದರ ಕ್ಯಾಪ್ ತೆಗೆಯಬೇಡಿ ಎಂದು ಅವರಿಗೆ ಹೇಳಿದೆ.

ಮೇಲಿನದನ್ನೆಲ್ಲ ಸಬ್ ಇನ್‌ಸ್ಪೆಕ್ಟರ್ ಸಾಹೇಬರಿಗೆ ವಿವರಿಸಿದಾಗ, ಮನೆಯಲ್ಲಿ ನೀವೊಬ್ಬರೇ ನೋಡಿದ ಗಡಿಯಾರವನ್ನು ಹೇಗೆ ನಂಬುವುದು ಎಂದು ಅವರು ಕೇಳಿದರು. ಸರಿಯಾದ ಪ್ರಶ್ನೆ. ನನ್ನ ಲ್ಯಾಬ್‌ನಲ್ಲಾದರೆ ಆ ಪ್ರಶ್ನೆಗೇ ನಾನು ಅಂಕ ಕೊಡಿಸುತ್ತಿದ್ದೆ. 3.48ಕ್ಕೆ ಅವರ ಮೇಜಿನ ಮೇಲೆ, ಠಾಣೆಯ ಗೋಡೆ ಗಡಿಯಾರದ ಎದುರಿನಲ್ಲಿ, ಅದೇ ಪೊಟ್ಟಣದ ಒಂದು ಊದುಬತ್ತಿ ಹಚ್ಚಲಾಯಿತು. ಎಲ್ಲರೂ ಕಾದೆವು. ಟೀ ಬಂತು. ಬೇರೆ ದೂರು ಕೊಡಲು ಬಂದ ಇಬ್ಬರೂ ದೂರು ಮರೆತು ನಿಂತರು. 4.23ಕ್ಕೆ ಊದುಬತ್ತಿ ಆರಿತು. 35 ನಿಮಿಷ. ಇದನ್ನು ಬರೆದುಕೊಳ್ಳುತ್ತಿರುವ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಗುರವ್ವನವರೂ ನೋಡಿದ್ದಾರೆ.

ಬೆಂಕಿಗೆ ಕಾರಣ ತಾವೇ ಎಂದು ಯಜಮಾನರು ಎದ್ದು ನಿಂತು ಎಲ್ಲರ ಮುಂದೆ ಹೇಳಿದರು. ಕಾನೂನಿನಂತೆ ಬರುವ ದಂಡಕ್ಕೆ ಅವರು ಒಪ್ಪಿರುತ್ತಾರೆ. ಅದಲ್ಲದೆ ಮೂರು ತಿಂಗಳು ಪ್ರತಿ ಮಂಗಳವಾರ ಕಸದ ಆಟೋದ ಹಿಂದೆ ನಡೆದು, ಬ್ಯಾಟರಿ ಬೇರೆ ಕೊಡಿ, ಬಿಸಿಲಿಗಿಟ್ಟು ನನ್ನ ಹಾಗೆ ಆಗಬೇಡಿ ಎಂದು ಮನೆಮನೆಗೂ ಹೇಳುವುದಾಗಿ ತಾವಾಗಿಯೇ ಒಪ್ಪಿಕೊಂಡರು. ಇದನ್ನು ನಾನು ಹೇಳಿಕೊಟ್ಟಿದ್ದಲ್ಲ. ಆ ಹೊತ್ತಿನಲ್ಲಿ ಅವರ ಮೇಲಿದ್ದ ನನ್ನ ಸಿಟ್ಟು ಇಳಿದುಹೋಯಿತು.

4.30ಕ್ಕೆ ಗಿರಿರಾಜ್ ಅವರು ಬಂದು ದೂರು ಹಿಂತೆಗೆದುಕೊಂಡರು. ಬರುವಾಗ ಗುತ್ತಿಗೆದಾರರ ಸೂಪರ್‌ವೈಸರ್ ಅವರನ್ನೂ, ಹೊಸ ಹಲಗೆ ಹಾಕಿದ ಆಟೋವನ್ನೂ ಕರೆತಂದಿದ್ದರು. ಅವಸರದಲ್ಲಿ ಆಡಿದ ಮಾತಿಗೆ ತಮಗೆ ನಾಚಿಕೆಯಾಗಿದೆ ಎಂದು ವೆಂಕಟಸ್ವಾಮಿಯವರಿಗೆ ಕೈಮುಗಿದರು. 4.50ಕ್ಕೆ ಸೂಪರ್‌ವೈಸರ್ ಕೀಲಿ ವಾಪಸ್ ಕೊಟ್ಟರು. ವೆಂಕಟಸ್ವಾಮಿಯವರು ಕೀಲಿಯನ್ನು ನೋಡಲಿಲ್ಲ, ನನ್ನನ್ನೇ ನೋಡಿ ಕೇಳಿದರು:

"ಹಂಗಾದ್ರೆ ದೇವ್ರಿಗೆ ಹಚ್ಚಿದ್ದರಿಂದ ಆಗಿದ್ದಲ್ಲ, ಅಲ್ವಾ ಅಮ್ಮ? ಎರಡು ದಿನದಿಂದ ಮನೇಲೂ ಹಚ್ಚೇ ಇಲ್ಲ."

ಅಲ್ಲ ಎಂದು ಹೇಳಿದೆ. ಪೊಟ್ಟಣದಲ್ಲಿ ಉಳಿದದ್ದನ್ನು ಅವರ ಕೈಗೆ ಕೊಟ್ಟೆ. ಅವರು ಹೊರಗೆ ಹೋಗಿ ಗಾಡಿಯ ಗಣಪತಿಯ ಮುಂದೆ ಒಂದು ಹಚ್ಚಿದರು. ಅದರ ವಾಸನೆ ಈಗ ಈ ಹೇಳಿಕೆ ಬರೆಯುತ್ತಿರುವ ಮೇಜಿನವರೆಗೂ ಬರುತ್ತಿದೆ. ಹಚ್ಚಿದ ವೇಳೆ 4.56.

ಸಾಕ್ಷಿಯಾಗಿ ಸಹಿ ಹಾಕಲು ಅವರನ್ನು ಒಳಗೆ ಕರೆದಾಗ, ವೃತ್ತಿ ಏನೆಂದು ಬರೆಯಲಿ ಎಂದು ಅವರು ಗುರವ್ವನವರನ್ನು ಕೇಳಿದರು. ಚಾಲಕ ಎಂದೇ ಬರೆಯಿರಿ, ದೊಡ್ಡದಾಗಿ ಬರೆಯಿರಿ ಎಂದು ನಾನು ಹೇಳಿದೆ.

ಇಲ್ಲಿ ಬರೆಸಿರುವುದೆಲ್ಲ ನಾನು ಕಂಡದ್ದು, ಅಳೆದದ್ದು, ನನ್ನ ಮನೆಯವರೇ ಒಪ್ಪಿಕೊಂಡದ್ದು. ಓದಿಸಿ ಕೇಳಿದ್ದೇನೆ. ವೇಳೆ ತಪ್ಪಾಗಿದ್ದ ಎರಡು ಕಡೆ ತಿದ್ದಿಸಿದ್ದೇನೆ. ಇದು ಸತ್ಯ.

ಸ್ಥಳ: ಬೆಂಗಳೂರು
ದಿನಾಂಕ: 13.03.2025, ಸಂಜೆ 5.40

(ಸಹಿ) ಸತ್ಯವತಿ

ಸಾಕ್ಷಿ 1: (ಸಹಿ) ಕೃಷ್ಣಮೂರ್ತಿ, ನಿವೃತ್ತ ಫಿಟ್ಟರ್. ನನ್ನ ಬಗ್ಗೆ ಬರೆದಿರುವುದು ನಿಜ.

ಸಾಕ್ಷಿ 2: (ಸಹಿ) ವೆಂಕಟಸ್ವಾಮಿ, ಚಾಲಕ.